ಚಂದ್ರ ಸಲೀಸು, ಫೆಬ್ರವರಿ ಕಷ್ಟ

ಕೈಗಡಿಯಾರದ ಡಯಲಿನಲ್ಲಿ ಒಂದು ಪುಟ್ಟ ಕಿಂಡಿ, ಕಿಂಡಿಯೊಳಗೆ ನೀಲಿ ಆಕಾಶ, ಆಕಾಶದಲ್ಲೊಬ್ಬ ಚಿನ್ನದ ಚಂದ್ರ ಇದ್ದರೆ ನೋಡಿದವರ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ‘ಚಂದ್ರನ್ನ ಒಳಗೆ ಹೆಂಗೆ ಕೂರಿಸಿದ್ದಾರೆ ಸಾರ್?’ ಅಂತ ಕೇಳುತ್ತಾರೆ. ಪಕ್ಕದ ಇನ್ನೊಂದು ಕಿಂಡಿಯಲ್ಲಿ ‘ಫೆಬ್ರವರಿ’ ಎಂದಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ವಾಚು ರಿಪೇರಿ ಮಾಡಿಯೇ ಹೊಟ್ಟೆ ಹೊರೆದ ನನಗೆ ಈ ಬೆರಗು ತಿರುಗುಮುರುಗಾಗಿ ಕಾಣುತ್ತದೆ. ಚಂದ್ರನನ್ನು ತಿರುಗಿಸಲು ಒಂದೆರಡು ಚಕ್ರ ಸಾಕು. ಫೆಬ್ರವರಿಯನ್ನು ವಾಚಿಗೆ ಕಲಿಸಲು ಮಾತ್ರ ಇಂಗ್ಲೆಂಡು, ಸ್ವಿಟ್ಜರ್ಲೆಂಡುಗಳ ಜಾಣರು ಇನ್ನೂರೈವತ್ತು ವರ್ಷಕ್ಕೂ ಮೇಲೆ ಹೆಣಗಿದ್ದಾರೆ. ಪೂರ್ತಿ ಕಲಿಸಿ ಮುಗಿಸಿದೆವು ಅನ್ನುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ. ಚಂದ್ರನದು ಆಕಾಶದ ಲೆಕ್ಕ. ಫೆಬ್ರವರಿ ಮನುಷ್ಯರು ಕೂತು ಮಾಡಿದ ತೀರ್ಮಾನ. ಚಂದ್ರ, ವಾರ, ತಿಂಗಳು, ತಾರೀಖು ಎಲ್ಲ ತೋರಿಸುವ ದುಬಾರಿ ವಾಚುಗಳ ಚರಿತ್ರೆ ಅಂದರೆ ಈ ಎರಡು ಲೆಕ್ಕಗಳನ್ನು ಒಂದೇ ಡಯಲಿನ ಕೆಳಗೆ ಸಂಸಾರ ಮಾಡಿಸಿದ ಚರಿತ್ರೆ.

ನನ್ನ ಕೈ ಪಳಗಿದ್ದು ಎಚ್‌ಎಂಟಿ ಮೇಲೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಮೇಲೆ, ಮಾವ ಅಳಿಯನಿಗೆ ಕೊಡುವ ವಾಚೂ ಅದೇ, ಮಗ ಪಾಸಾದನೆಂದು ಅಪ್ಪ ಕೊಡಿಸುವ ವಾಚೂ ಅದೇ ಆಯಿತು. ಪೇಟೆಯ ಗಲ್ಲಿಯಲ್ಲಿ ಐಗ್ಲಾಸ್ ಸಿಕ್ಕಿಸಿಕೊಂಡು ಕೂತ ನಮ್ಮಂಥವರಿಗೆ ಬೇರೆ ಮಷೀನು ಕಾಣಸಿಗುತ್ತಿದ್ದುದೇ ಅಪರೂಪ. ಚಂದ್ರ ಇರುವ ಸ್ವಿಸ್ ವಾಚುಗಳು ಬರತೊಡಗಿದ್ದು ಈಚೆಗೆ. ಕೆಲವು ಹೊರದೇಶದಲ್ಲಿ ಕೆಲಸಕ್ಕಿರುವ ಹುಡುಗರವು, ಕೆಲವು ತಾತನ ಪೆಟ್ಟಿಗೆಯಲ್ಲಿ ಸಿಕ್ಕವು. ಒಂದೊಂದನ್ನು ಬಿಚ್ಚಿ ಜೋಡಿಸುವಾಗಲೂ ‘ಇದನ್ನು ಹೀಗೇ ಯಾಕೆ ಮಾಡಿದರು’ ಎಂದು ಹುಡುಕಿಕೊಂಡು ಹೋದದ್ದರಿಂದ ಈ ಕತೆ ನನಗೆ ದಕ್ಕಿತು.

ಚಂದ್ರನ ಲೆಕ್ಕ ಹೀಗಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ, 3 ಸೆಕೆಂಡು. ಆ 44 ನಿಮಿಷವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರೆ ಇಪ್ಪತ್ತೊಂಬತ್ತೂವರೆ ದಿನ. ಅರ್ಧ ಹಲ್ಲು ಕೊರೆಯಲು ಬರುವುದಿಲ್ಲವಾದ್ದರಿಂದ ಲೆಕ್ಕವನ್ನು ಇಮ್ಮಡಿ ಮಾಡಿ 59 ಹಲ್ಲಿನ ಒಂದು ಬಿಲ್ಲೆ ಮಾಡುತ್ತಾರೆ, ಅದರ ಮೇಲೆ ಎದುರುಬದುರಾಗಿ ಇಬ್ಬರು ಚಂದ್ರರನ್ನು ಬರೆಯುತ್ತಾರೆ. ದಿನಕ್ಕೊಂದು ಹಲ್ಲು ಸರಿಯುತ್ತದೆ. ಒಬ್ಬ ಚಂದ್ರ ಕಿಂಡಿಯ ಎಡಗಡೆ ಹುಟ್ಟಿ ಬಲಗಡೆ ಮುಳುಗುವಷ್ಟು ದಿನವೂ ಇನ್ನೊಬ್ಬ ಡಯಲಿನ ಅಡಿಯಲ್ಲಿ ಸರದಿ ಕಾಯುತ್ತಿರುತ್ತಾನೆ. ಕಿಂಡಿಯ ಎರಡು ಬದಿಯ ಗುಂಡಗಿನ ಉಬ್ಬುಗಳೇ ಶುಕ್ಲಪಕ್ಷ, ಕೃಷ್ಣಪಕ್ಷ. ಗುಟ್ಟು ಇಷ್ಟೇ.

ಈ ಗುಟ್ಟು ವಾಚಿಗಿಂತ ಬಹಳ ಹಳೆಯದು. ಗ್ರೀಸಿನ ಆಂಟಿಕಿಥೆರಾ ದ್ವೀಪದ ಹತ್ತಿರ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ ಕಂಚಿನ ಯಂತ್ರಕ್ಕೆ ಎರಡು ಸಾವಿರ ವರ್ಷಕ್ಕೂ ಮೇಲಿನ ವಯಸ್ಸು. ಅದರಲ್ಲಿ ಅರ್ಧ ಬಿಳಿ ಅರ್ಧ ಕಪ್ಪಾದ ಪುಟ್ಟ ಗುಂಡು ತಿರುಗಿ ಚಂದ್ರನ ಕಲೆಗಳನ್ನು ತೋರಿಸುತ್ತಿತ್ತು. ಇಟಲಿಯ ಪಡುವಾದಲ್ಲಿ ಜೊವಾನಿ ದೆ ದೊಂದಿ ಎಂಬ ವೈದ್ಯ ಹದಿನಾರು ವರ್ಷ ದುಡಿದು 1364ರಲ್ಲಿ ಮುಗಿಸಿದ ಗಡಿಯಾರ ಸೂರ್ಯ, ಚಂದ್ರರ ಜೊತೆಗೆ ಐದು ಗ್ರಹಗಳನ್ನೂ ನಡೆಸುತ್ತಿತ್ತು. ಪ್ರಾಗ್ ಪಟ್ಟಣದ ಗೋಪುರದ ಮೇಲೆ 1410ರಿಂದ ಚಂದ್ರ ತಿರುಗುತ್ತಿದ್ದಾನೆ. ಗಡಿಯಾರ ಕಿಸೆಗೆ ಇಳಿಯುವ ಮೊದಲೇ ಚಂದ್ರ ಅದರೊಳಗೆ ಮನೆ ಮಾಡಿಕೊಂಡಿದ್ದ.

ಪಕ್ಕಕ್ಕಿಟ್ಟ 44 ನಿಮಿಷ ಸುಮ್ಮನಿರುವುದಿಲ್ಲ. ತಿಂಗಳು ತಿಂಗಳೂ ಕೂಡಿಕೊಂಡು ಎರಡು ವರ್ಷ ಏಳೂವರೆ ತಿಂಗಳ ಸುಮಾರಿಗೆ ವಾಚಿನ ಚಂದ್ರ ನಿಜವಾದ ಚಂದ್ರನಿಗಿಂತ ಒಂದು ದಿನ ಮುಂದೆ ಓಡಿರುತ್ತಾನೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದೂ ಹೆಚ್ಚುಕಡಿಮೆ ಅಷ್ಟೇ ಅವಧಿಗೆ. ಎರಡಕ್ಕೂ ಕಾರಣ ಬೇರೆ ಬೇರೆ, ಹೊಂದಿಕೆ ಕಾಕತಾಳೀಯ. ಆದರೂ ಗಿರಾಕಿಗಳಿಗೆ ನೆನಪಿಡಲು ಅನುಕೂಲ. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ‘ಅಧಿಕಮಾಸ ಬಂದಾಗ ವಾಚನ್ನು ಒಂದು ದಿನ ನಿಲ್ಲಿಸಿ. ಆಮೇಲೆ ಕೀ ಕೊಟ್ಟು ವಾರ, ತಾರೀಖು ಮುಂದೆ ತನ್ನಿ, ಚಂದ್ರನನ್ನು ಮಾತ್ರ ಮುಟ್ಟಬೇಡಿ’ ಎನ್ನುತ್ತೇನೆ. ಲೆಕ್ಕ ಸರಿಹೋಗುತ್ತದೆ. ಇಷ್ಟೂ ತಂಟೆ ಬೇಡವೆನ್ನುವವರಿಗೆ ದೊಡ್ಡ ಕಂಪನಿಗಳು 59ರ ಜಾಗದಲ್ಲಿ 135 ಹಲ್ಲಿನ ಚಕ್ರ ಹಾಕಿ ಕೊಡುತ್ತವೆ. ಆಗ ತಿಂಗಳಿಗೆ ಒಂದು ನಿಮಿಷವೂ ತಪ್ಪುವುದಿಲ್ಲ. ಒಂದು ದಿನ ತಪ್ಪಬೇಕಾದರೆ 122 ವರ್ಷ ಬೇಕು. ಜರ್ಮನಿಯ ಲಾಂಗೆ ಕಂಪನಿ 1999ರಲ್ಲಿ ಅದನ್ನು 1058 ವರ್ಷಕ್ಕೆ ಏರಿಸಿತು. ಒಳ್ಳೆಯ ಭಿನ್ನರಾಶಿ ಹುಡುಕಿ ಹಲ್ಲು ಎಣಿಸಿ ಕೊರೆದರೆ ಚಂದ್ರ ಹೇಳಿದ ಹಾಗೆ ಕೇಳುತ್ತಾನೆ.

ಫೆಬ್ರವರಿ ಯಾವ ಭಿನ್ನರಾಶಿಗೂ ಬಗ್ಗುವುದಿಲ್ಲ. ಮಾಮೂಲು ತಾರೀಖಿನ ವಾಚಿನಲ್ಲಿ 31 ಹಲ್ಲಿನ ಚಕ್ರವಿರುತ್ತದೆ. ಅದಕ್ಕೆ ಎಲ್ಲ ತಿಂಗಳೂ ಒಂದೇ. ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ ಒಂದೊಂದು ಸಲ, ಫೆಬ್ರವರಿ ಮುಗಿದಾಗ ಒಂದು ಸಲ, ಹೀಗೆ ವರ್ಷಕ್ಕೆ ಐದು ಬಾರಿ ನಾವೇ ತಿರುಗಿಸಿ ಸರಿಮಾಡಬೇಕು. ಮೂವತ್ತು, ಮೂವತ್ತೊಂದರ ಈ ಏರುಪೇರೂ, ಫೆಬ್ರವರಿಗೆ ಬಿದ್ದ ಕತ್ತರಿಯೂ ರೋಮಿನವರು ಬಿಟ್ಟುಹೋದ ಆಸ್ತಿ. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ಹಳೆಯ ಕ್ಯಾಲೆಂಡರನ್ನು ಸರಿದಾರಿಗೆ ತರಲು ಆ ಒಂದು ವರ್ಷವನ್ನು 445 ದಿನಕ್ಕೆ ಎಳೆದ. ನಾಲ್ಕು ವರ್ಷಕ್ಕೊಂದು ಅಧಿಕ ದಿನ ಎಂದು ಕಟ್ಟಳೆ ಮಾಡಿದ. ಅವನು ಕೊಲೆಯಾದ ಮೇಲೆ ರೋಮಿನ ಪುರೋಹಿತರು ಎಣಿಕೆ ತಪ್ಪಿ ಮೂರು ವರ್ಷಕ್ಕೊಮ್ಮೆ ಆ ದಿನ ಸೇರಿಸುತ್ತ ಹೋದರು. ಕಡೆಗೆ ಅಗಸ್ಟಸ್ ದೊರೆ ಕೆಲವು ಅಧಿಕ ವರ್ಷಗಳನ್ನೇ ರದ್ದು ಮಾಡಿ ಲೆಕ್ಕ ಚುಕ್ತಾ ಮಾಡಬೇಕಾಯಿತು. ಆ ಕಟ್ಟಳೆಯೂ ಪೂರ್ತಿ ಸರಿಯಿರಲಿಲ್ಲ. ಸೂರ್ಯನ ವರ್ಷಕ್ಕಿಂತ ಹನ್ನೊಂದು ನಿಮಿಷ ಉದ್ದವಾಗಿ 128 ವರ್ಷಕ್ಕೊಂದು ದಿನ ಜಾರುತ್ತಿತ್ತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಅಕ್ಟೋಬರ್ 4ರ ಮಾರನೆಯ ದಿನವನ್ನು 15 ಎಂದು ಸಾರಿದ. ನೂರರಿಂದ ಭಾಗಿಸಬಹುದಾದ ವರ್ಷಗಳಿಗೆ ಅಧಿಕ ದಿನವಿಲ್ಲ, ಆದರೆ ನಾನ್ನೂರರಿಂದಲೂ ಭಾಗಿಸಬಹುದಾದರೆ ಉಂಟು ಎಂದು ಹೊಸ ಕಟ್ಟಳೆ ತಂದ. 1600, 2000 ಅಧಿಕ ವರ್ಷಗಳು. 1700, 1800, 1900, 2100 ಅಲ್ಲ. ಇದನ್ನು ಹಿತ್ತಾಳೆ, ಉಕ್ಕಿನಲ್ಲಿ ಕೊರೆಯುವವನ ಸಂಕಟ ಪೋಪ್‌ಗೆ ಹೇಗೆ ಗೊತ್ತಾಗಬೇಕು?

ಕೊರೆಯುವ ಸಾಹಸ ಮೊದಲು ಮಾಡಿದವನು ಲಂಡನ್ನಿನ ಥಾಮಸ್ ಮಡ್ಜ್. ಎಚ್‌ಎಂಟಿಯಿಂದ ಹಿಡಿದು ಕೀ ಕೊಡುವ ಹೆಚ್ಚುಕಡಿಮೆ ಎಲ್ಲ ಕೈಗಡಿಯಾರದಲ್ಲೂ ಟಿಕ್ ಟಿಕ್ ಎನ್ನುವ ಲೀವರ್ ಅವನ ತಲೆಯಲ್ಲಿ ಹುಟ್ಟಿದ್ದು, ಹಾಗಾಗಿ ನಮ್ಮ ಕಸುಬಿನವರಿಗೆ ಅವನು ಮೂಲಪುರುಷ. ಫೆಬ್ರವರಿಗೆ ಎಷ್ಟು ದಿನ, ಯಾವ ವರ್ಷ ಎಷ್ಟು ಎಂಬುದನ್ನು ತಾನೇ ತಿಳಿದು ತಾರೀಖು ಬದಲಿಸುವ ಕಿಸೆ ವಾಚನ್ನು ಅವನು 1762ರಲ್ಲಿ ಮಾಡಿದ. ಈ ಇಸವಿಯನ್ನು ಪುಸ್ತಕಗಳು ಹೇಳಿ ಮುಂದೆ ಹೋಗುತ್ತವೆ. ನನಗೆ ಅದಕ್ಕೆ ಹತ್ತು ವರ್ಷ ಹಿಂದಿನ ಇಸವಿಯೂ ಮುಖ್ಯ ಅನಿಸುತ್ತದೆ. ಪೋಪ್‌ನ ಮಾತು ಕೇಳಲೊಲ್ಲದ ಇಂಗ್ಲೆಂಡು 170 ವರ್ಷ ಹಳೆಯ ಕ್ಯಾಲೆಂಡರನ್ನೇ ಹಿಡಿದುಕೊಂಡಿದ್ದು, 1752ರಲ್ಲಿ ಹೊಸದಕ್ಕೆ ಬಂತು. ಆ ವರ್ಷ ಸೆಪ್ಟೆಂಬರ್ 2ರ ಮಾರನೆಯ ದಿನ 14 ಆಯಿತು. ಮಡ್ಜ್‌ಗೆ ಆಗ ಮೂವತ್ತೇಳರ ಪ್ರಾಯ, ಲಂಡನ್ನಿನಲ್ಲಿ ಅಂಗಡಿ. ಹನ್ನೊಂದು ದಿನ ಪಾರ್ಲಿಮೆಂಟಿನ ಅಪ್ಪಣೆಯಲ್ಲಿ ಮಾಯವಾದದ್ದನ್ನು ಕಂಡವನು ಹತ್ತೇ ವರ್ಷದಲ್ಲಿ ತಾರೀಖನ್ನು ಯಂತ್ರಕ್ಕೆ ಕಟ್ಟಿಹಾಕಿದ. ಎರಡಕ್ಕೂ ನಂಟಿದೆ ಅನ್ನುವುದು ನನ್ನ ಊಹೆ ಮಾತ್ರ. ಆದರೆ ತಾರೀಖು ಆಕಾಶದಿಂದ ಬರುವುದಲ್ಲ, ಕಾನೂನಿನಿಂದ ಬರುವುದು ಎಂಬುದು ಅವನ ಕಾಲದ ಲಂಡನ್ನಿಗನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿರಲು ಸಾಧ್ಯ?

ಕಸುಬು ಬೇರೂರಿದ್ದು ಮಾತ್ರ ಲಂಡನ್ನಿನಲ್ಲಲ್ಲ, ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲಿ. ಜಿನೀವಾದ ಉತ್ತರಕ್ಕೆ, ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ವಲೆ ದ ಜೂ ಎಂಬ ಕಣಿವೆಯಿದೆ. ನಡುವೆ ಒಂದು ಕೆರೆ. ಚಳಿಗಾಲದಲ್ಲಿ ಅದರ ನೀರೂ ಹೆಪ್ಪುಗಟ್ಟುತ್ತದೆ. ಹಿಂದೆ ಹಿಮ ಬಿದ್ದರೆ ತಿಂಗಳುಗಟ್ಟಲೆ ಹೊರಗಿನ ದಾರಿ ಬಂದ್. ಬೇಸಿಗೆಯಲ್ಲಿ ದನ ಮೇಯಿಸಿ ಗಿಣ್ಣು ಮಾಡುತ್ತಿದ್ದ ರೈತರು ಚಳಿಗಾಲದಲ್ಲಿ ಕಿಟಕಿಯ ಬಳಿ ಮೇಜು ಹಾಕಿ ಕೂತು ವಾಚಿನ ಬಿಡಿಭಾಗ ಅರೆಯುವುದನ್ನು ಹದಿನೆಂಟನೆಯ ಶತಮಾನದಲ್ಲಿ ಕಲಿತರು. ಸಾಮ್ಯುಯೆಲ್ ಒಲಿವಿಯೆ ಮೇಲಾ ಎಂಬವನು 1740ರ ಸುಮಾರಿಗೆ ಈ ವಿದ್ಯೆಯನ್ನು ಕಣಿವೆಗೆ ತಂದನೆಂದು ಹೇಳುತ್ತಾರೆ. ಒಂದು ಮನೆಯವರು ಸ್ಕ್ರೂ, ಇನ್ನೊಂದು ಮನೆಯವರು ಚಕ್ರ, ಮತ್ತೊಬ್ಬರು ತಾರೀಖಿನ ಸನ್ನೆ ಮಾಡುತ್ತಿದ್ದರು. ಹಿಮ ಕರಗಿದ ಮೇಲೆ ಸರಕು ಜಿನೀವಾಕ್ಕೆ ಇಳಿಯುತ್ತಿತ್ತು, ಅಲ್ಲಿನ ಅಂಗಡಿಯವರ ಹೆಸರು ಡಯಲಿನ ಮೇಲೆ ಏರುತ್ತಿತ್ತು. ಹೊಲದಂಚಿನಲ್ಲಿ ಬೆಳೆಯುವ ಜೆಂಟಿಯನ್ ಗಿಡದ ಒಣ ಕಾಂಡವನ್ನು ಇವತ್ತಿಗೂ ಅಲ್ಲಿ ಉಕ್ಕಿನ ಅಂಚುಗಳಿಗೆ ಹೊಳಪು ಕೊಡಲು ಬಳಸುತ್ತಾರೆ.

ಈ ಕಣಿವೆಯವರಿಗೂ ತಾರೀಖಿನ ಪೆಟ್ಟು ಗೊತ್ತಿತ್ತು. ಅದು ಪ್ರಾಟೆಸ್ಟಂಟ್ ಬರ್ನ್ ಸರ್ಕಾರದ ಆಳ್ವಿಕೆಗೆ ಸೇರಿದ್ದ ಸೀಮೆ. ಸ್ವಿಟ್ಜರ್ಲೆಂಡಿನ ಕ್ಯಾಥೊಲಿಕ್ ಪ್ರಾಂತಗಳು ಹದಿನಾರನೆಯ ಶತಮಾನದಲ್ಲೇ ಹೊಸ ಕ್ಯಾಲೆಂಡರಿಗೆ ಹೋದವು. ಬರ್ನ್, ಜಿನೀವಾಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹಟ ಹಿಡಿದವು. ಅಷ್ಟು ದಿನವೂ ಒಂದು ಪ್ರಾಂತದ ಗಡಿ ದಾಟಿದರೆ ತಾರೀಖು ಹತ್ತು-ಹನ್ನೊಂದು ದಿನ ಬದಲಾಗುತ್ತಿತ್ತು. 1700ರ ಡಿಸೆಂಬರ್ 31ರ ರಾತ್ರಿ ಮಲಗಿದ ಪ್ರಾಟೆಸ್ಟಂಟರು ಎದ್ದಾಗ 1701ರ ಜನವರಿ 12. ಮುಂದೆ ಇವರ ಮೊಮ್ಮಕ್ಕಳು, ಮರಿಮಕ್ಕಳೇ ಲೋಕದ ಅತ್ಯಂತ ಗಟ್ಟಿ ತಾರೀಖಿನ ಯಂತ್ರಗಳನ್ನು ಮಾಡಿದರು. ಲ ಸಾಂತಿಯೆ ಊರಲ್ಲಿ 1833ರಲ್ಲಿ ಲಕೂಲ್ತ್ರ್, ಲ ಬ್ರಾಸ್ಯೂಸ್‌ನಲ್ಲಿ 1875ರಲ್ಲಿ ಓಡೆಮಾರ್ ಪಿಗೆ ಕಾರ್ಖಾನೆಗಳು ಎದ್ದವು. ಜಿನೀವಾದ ಪಟೆಕ್ ಫಿಲಿಪ್ ಕೂಡ ತನ್ನ ಕಷ್ಟದ ಮಷೀನುಗಳಿಗೆ ಇದೇ ಕಣಿವೆಯ ಪಿಗೆ ಮನೆತನದ ಕೈಗಳನ್ನು ನಂಬಿಕೊಂಡಿತ್ತು.

ಫೆಬ್ರವರಿಯನ್ನು ಅವರು ಪಳಗಿಸಿದ ಬಗೆಯನ್ನು ಹೇಳುತ್ತೇನೆ. ಒಂದು ಚಕ್ರ, ನಾಲ್ಕು ವರ್ಷಕ್ಕೆ ಒಂದು ಸುತ್ತು. ಅದರ ಅಂಚಿನಲ್ಲಿ 48 ತಿಂಗಳಿಗೆ 48 ಜಾಗ. ಮೂವತ್ತೊಂದು ದಿನದ ತಿಂಗಳಿದ್ದಲ್ಲಿ ಅಂಚು ಹಾಗೇ ಇರುತ್ತದೆ. ಮೂವತ್ತರದ್ದಾದರೆ ಒಂದು ಸಣ್ಣ ಗಾಡಿ, ಅಂದರೆ ಕಚ್ಚು. ಫೆಬ್ರವರಿ ಇದ್ದಲ್ಲಿ ಆಳದ ಗಾಡಿ. ನಾಲ್ಕು ಫೆಬ್ರವರಿಗಳಲ್ಲಿ ಒಂದರ ಆಳ ಮಾತ್ರ ಕೂದಲೆಳೆಯಷ್ಟು ಕಡಿಮೆ, ಅದೇ 29 ದಿನದ್ದು. ಒಂದು ಉದ್ದ ಸನ್ನೆಯ ಕೊಕ್ಕು ಈ ಅಂಚನ್ನು ತಡವುತ್ತಿರುತ್ತದೆ. ತಿಂಗಳ ಕೊನೆಯ ರಾತ್ರಿ ಕೊಕ್ಕು ಎಷ್ಟು ಆಳಕ್ಕೆ ಬಿತ್ತೋ ಅಷ್ಟು ದೂರದಿಂದ ಸನ್ನೆ ತಾರೀಖಿನ ಚಕ್ರವನ್ನು ತಳ್ಳುತ್ತದೆ. 28ರಿಂದ ನೇರ 1ಕ್ಕೆ. ಇಂಥ ವಾಚನ್ನು ಬಿಚ್ಚಿದಾಗ ಆ ಗಾಡಿಗಳಿಗೆ ಎಣ್ಣೆ ಮುಟ್ಟಿಸಬಾರದು, ಜಿಡ್ಡು ಕಟ್ಟಿದರೆ ಆಳ ಬದಲಾಗುತ್ತದೆ. ಇನ್ನೊಂದು ಎಚ್ಚರಿಕೆ: ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ತನಕ ಪಕ್ಕದ ಗುಂಡಿಗಳನ್ನು ಒತ್ತಿ ತಾರೀಖು ತಿದ್ದಬಾರದು. ಆಗ ಹಲ್ಲುಗಳು ಹಿಡಿತದಲ್ಲಿರುತ್ತವೆ, ಒತ್ತಿದರೆ ಮುರಿಯುತ್ತವೆ. ರಿಪೇರಿಗೆ ಬರುವ ಕ್ಯಾಲೆಂಡರ್ ವಾಚುಗಳಲ್ಲಿ ಬಹುಪಾಲು ರಾತ್ರಿ ಊಟವಾದ ಮೇಲೆ ಪುರುಸೊತ್ತಿನಲ್ಲಿ ತಿದ್ದಿಸಿಕೊಂಡವೇ.

ಪಟೆಕ್ ಫಿಲಿಪ್ 1889ರಲ್ಲಿ ತನ್ನ ಕ್ಯಾಲೆಂಡರ್ ಯಂತ್ರಕ್ಕೆ ಪೇಟೆಂಟ್ ಪಡೆಯಿತು. 1898ರಲ್ಲಿ ಹೆಂಗಸರು ಕೊರಳಿಗೆ ಹಾಕಿಕೊಳ್ಳುವ ಪದಕದ ವಾಚಿಗಾಗಿ ಒಂದು ಪುಟ್ಟ ಮಷೀನು ಮಾಡಿತು. ಅದಕ್ಕೆ ಎರಡು ವರ್ಷವಾಗುವಷ್ಟರಲ್ಲಿ 1900 ಬಂತು. 48ರ ಚಕ್ರಕ್ಕೆ ನಾಲ್ಕರ ಲೆಕ್ಕವಷ್ಟೇ ಗೊತ್ತು, ನೂರರ ಲೆಕ್ಕ ಗೊತ್ತಿಲ್ಲ; ಆ ವರ್ಷದ ಫೆಬ್ರವರಿ 28ರ ರಾತ್ರಿ ಆ ಬಗೆಯ ವಾಚುಗಳೆಲ್ಲ ಇಲ್ಲದ 29ನ್ನು ತೋರಿಸಲು ಹೊರಡುವಂಥವು, ಕೈಯಿಂದಲೇ ಸರಿಪಡಿಸಬೇಕು. ಪದಕದ ಮಷೀನು ಹಾಗೇ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರು ವಾಚನ್ನು ಕಿಸೆಯಿಂದ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡರು, ಅದುವರೆಗೆ ಹೆಂಗಸರದಾಗಿದ್ದ ಕೈಗಡಿಯಾರ ಗಂಡಸರದೂ ಆಯಿತು. 1925ರಲ್ಲಿ ಪಟೆಕ್‌ನವರು ಆ ಹಳೆಯ ಮಷೀನನ್ನು ಹೊರತೆಗೆದು 34 ಮಿಲಿಮೀಟರ್ ಅಗಲದ ಚಿನ್ನದ ಕವಚದಲ್ಲಿ ಕೂರಿಸಿದರು. ಫೆಬ್ರವರಿಯನ್ನು ಬಲ್ಲ, ಚಂದ್ರನನ್ನೂ ತೋರಿಸುವ ಮೊದಲ ಕೈಗಡಿಯಾರ ಅದೇ. 97975 ಸಂಖ್ಯೆಯ ಆ ವಾಚನ್ನು 1927ರ ಅಕ್ಟೋಬರಿನಲ್ಲಿ ಥಾಮಸ್ ಎಮರಿ ಎಂಬ ಅಮೆರಿಕನ್ ಕೊಂಡ. ಈಗ ಜಿನೀವಾದ ಪಟೆಕ್ ಮ್ಯೂಸಿಯಮ್ಮಿನಲ್ಲಿದೆ.

ಒಂದೊಂದಾಗಿ ಮಾಡುತ್ತಿದ್ದುದನ್ನು ಸಾಲಾಗಿ ಮಾಡಲು ತೊಡಗಿದ್ದು 1941ರಲ್ಲಿ, ಸುತ್ತಲೂ ಯುದ್ಧ ನಡೆಯುತ್ತಿದ್ದಾಗ. ಆ ವರ್ಷ ಬಂದ 1518 ಎಂಬ ಮಾದರಿಯಲ್ಲಿ ಕ್ಯಾಲೆಂಡರ್, ಚಂದ್ರರ ಜೊತೆಗೆ ಸ್ಟಾಪ್‌ವಾಚೂ ಇತ್ತು. ಹದಿಮೂರು-ಹದಿನಾಲ್ಕು ವರ್ಷದಲ್ಲಿ ಆದದ್ದು 281 ಮಾತ್ರ. ಹೆಚ್ಚಿನವು ಚಿನ್ನದವು, ಬೆರಳೆಣಿಕೆಯವು ಉಕ್ಕಿನವು. ಉಕ್ಕಿನದೊಂದು 2016ರಲ್ಲಿ ಜಿನೀವಾ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. 1950ರಲ್ಲಿ ರೋಲೆಕ್ಸ್ ಹೊರತಂದ 6062 ಎಂಬ ಮಾದರಿಯಲ್ಲೂ ಚಂದ್ರ, ವಾರ, ತಿಂಗಳು, ತಾರೀಖು ಇವೆ. ವಿಯೆಟ್ನಾಮಿನ ಕೊನೆಯ ದೊರೆ ಬಾವೊ ದಾಯ್ 1954ರಲ್ಲಿ ತನ್ನ ದೇಶದ ಹಣೆಬರಹ ತೀರ್ಮಾನವಾಗುತ್ತಿದ್ದ ಸಮ್ಮೇಳನದ ಹೊತ್ತಿಗೆ ಜಿನೀವಾದಲ್ಲಿ ಇಂಥದೊಂದನ್ನು ಕೊಂಡ. ಕಪ್ಪು ಡಯಲ್, ವಜ್ರದ ಗುರುತುಗಳು. 2017ರಲ್ಲಿ ಅದು 50 ಲಕ್ಷ ಫ್ರಾಂಕಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅಷ್ಟು ಕೊಟ್ಟವನೂ ವರ್ಷಕ್ಕೆ ಐದು ಸಲ ತಾರೀಖು ತಿದ್ದಬೇಕು, ಯಾಕೆಂದರೆ ಅದರೊಳಗೆ ಚಂದ್ರನ ಚಕ್ರವಿದೆ, ಫೆಬ್ರವರಿಯದಿಲ್ಲ.

1969ರ ಕ್ರಿಸ್ಮಸ್ ದಿನ ಟೋಕಿಯೊದಲ್ಲಿ ಸೈಕೊ ಕಂಪನಿ ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಮುಂದಿನ ಹದಿನೈದಿಪ್ಪತ್ತು ವರ್ಷದಲ್ಲಿ ಸ್ವಿಸ್ ವಾಚು ಕೆಲಸಗಾರರು ಸುಮಾರು 90 ಸಾವಿರದಿಂದ 30 ಸಾವಿರದ ಆಸುಪಾಸಿಗೆ ಇಳಿದರು. ಅದೇ ಅಲೆ ಆಮೇಲೆ ನಮ್ಮ ಬೀದಿಗೂ ಬಂತು. ಎಂಬತ್ತರ ದಶಕದ ಕೊನೆಗೆ ಟೈಟನ್ ಕ್ವಾರ್ಟ್ಜ್ ವಾಚುಗಳು ಅಂಗಡಿ ತುಂಬಿದವು, ಚಿಮಟ ಹಿಡಿದ ಕೈಗಳು ಸೆಲ್ ಬದಲಿಸುವ ಕೈಗಳಾದವು. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚುವ ತೀರ್ಮಾನವಾಯಿತು. ಆದರೆ ವಲೆ ದ ಜೂದಲ್ಲಿ ನಡೆದದ್ದು ಬೇರೆ. ಎಲ್ಲ ಬಾಗಿಲು ಹಾಕುತ್ತಿದ್ದ 1978ರಲ್ಲಿ ಓಡೆಮಾರ್ ಪಿಗೆಯವರು ನಾಲ್ಕು ಮಿಲಿಮೀಟರಿಗಿಂತ ತೆಳ್ಳಗಿನ, ತಾನೇ ಕೀ ಕೊಟ್ಟುಕೊಳ್ಳುವ, ಫೆಬ್ರವರಿ ಬಲ್ಲ ಮಷೀನು ಹೊರತಂದರು. ಜಾನ್ ಕ್ಲೋಡ್ ಬಿವೆ ಮತ್ತು ಜಾಕ್ ಪಿಗೆ ಎಂಬಿಬ್ಬರು ನಿಂತುಹೋಗಿದ್ದ ಬ್ಲಾಂಪಾ ಕಂಪನಿಯ ಹೆಸರನ್ನು ಸುಮಾರು 22 ಸಾವಿರ ಫ್ರಾಂಕಿಗೆ ಕೊಂಡು, ಕಣಿವೆಯ ಹಳೆಯ ಮನೆಯೊಂದರಲ್ಲಿ ಅಂಗಡಿ ತೆರೆದು 1983ರಲ್ಲಿ ಒಂದು ವಾಚು ಬಿಟ್ಟರು. ಅದು ಹೆಚ್ಚೇನೂ ಹೇಳುತ್ತಿರಲಿಲ್ಲ: ವಾರ, ತಿಂಗಳು, ತಾರೀಖು, ನಗುಮುಖದ ಒಬ್ಬ ಚಂದ್ರ. ಕ್ವಾರ್ಟ್ಜ್ ಎಷ್ಟು ಸರಿಯಾದ ಸಮಯ ತೋರಿಸಿದರೂ ತೋರಿಸಲಿ, ಜನ ಈ ಚಂದ್ರನಿಗೆ ಮನಸೋತರು. 1992ರಲ್ಲಿ ಅದೇ ಕಂಪನಿ 6 ಕೋಟಿ ಫ್ರಾಂಕಿಗೆ ಮಾರಾಟವಾಯಿತು.

ಚಂದ್ರ ಕಸುಬನ್ನು ಉಳಿಸಿದ ಎರಡೇ ವರ್ಷಕ್ಕೆ ಫೆಬ್ರವರಿಯನ್ನು ಮತ್ತೆ ಕೈಗೆತ್ತಿಕೊಂಡವನು ಶಾಫ್‌ಹೌಸನ್ ಊರಿನ ಐಡಬ್ಲ್ಯುಸಿ ಕಂಪನಿಯ ಕುರ್ಟ್ ಕ್ಲೌಸ್. 1985ರಲ್ಲಿ ಅವನು ಮಾಡಿದ ಡಾ ವಿಂಚಿ ಎಂಬ ವಾಚಿನಲ್ಲಿ ಸುಮಾರು 80 ಬಿಡಿಭಾಗಗಳಲ್ಲೇ ಇಡೀ ಕ್ಯಾಲೆಂಡರ್ ಮುಗಿದಿತ್ತು. ಅದಕ್ಕೆ ಮೊದಲು ತಾರೀಖಿಗೊಂದು, ವಾರಕ್ಕೊಂದು, ಚಂದ್ರನಿಗೊಂದು ಅಂತ ಗುಂಡಿಗಳನ್ನು ಕಡ್ಡಿಯಿಂದ ಒತ್ತಬೇಕಿತ್ತು. ಕ್ಲೌಸ್ ಎಲ್ಲವನ್ನೂ ಒಂದೇ ಕೀಲಿಗೆ ಪೋಣಿಸಿದ. ಡಯಲಿನಲ್ಲಿ ಇಸವಿಯ ನಾಲ್ಕೂ ಅಂಕಿ. ಶತಮಾನದ ಅಂಕಿ ನೂರು ವರ್ಷಕ್ಕೊಮ್ಮೆ ಸರಿಯುವ ಪಟ್ಟಿಯ ಮೇಲಿತ್ತು, ಆ ಪಟ್ಟಿ ಮುಗಿದಾಗ ಹಾಕಲು 2200ರಿಂದ 2499ರವರೆಗಿನ ಇನ್ನೊಂದು ಪಟ್ಟಿಯನ್ನೂ ಗಾಜಿನ ಕೊಳವೆಯಲ್ಲಿಟ್ಟು ಗಿರಾಕಿಗೆ ಕೊಟ್ಟರು. 2499ರ ತನಕ ಯೋಚಿಸಿದ ಈ ಯಂತ್ರಕ್ಕೂ 2100ರ ಫೆಬ್ರವರಿಗೆ 28 ದಿನವೆಂದು ತಿಳಿಯದು. ಪಟೆಕ್ 1996ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಮೂವತ್ತು, ಮೂವತ್ತೊಂದನ್ನು ವಾಚೇ ನೋಡಿಕೊಳ್ಳಲಿ, ಫೆಬ್ರವರಿಯನ್ನು ಮಾತ್ರ ಮಾರ್ಚ್ ಒಂದರಂದು ಯಜಮಾನನೇ ತಿದ್ದಿಕೊಳ್ಳಲಿ. ಬೆಲೆ ಇಳಿಯಿತು, ಮಷೀನು ಸರಳವಾಯಿತು. ವಾಚಿನ ಖರ್ಚಿನಲ್ಲಿ ಫೆಬ್ರವರಿಯ ಪಾಲೆಷ್ಟು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

‘ಇದರಲ್ಲಿ ಸಂಕಷ್ಟಿ ಯಾವತ್ತು ಅಂತ ಗೊತ್ತಾಗುತ್ತಾ?’ ಎಂದು ವಯಸ್ಸಾದ ಗಿರಾಕಿಯೊಬ್ಬರು, ಮಗ ತಂದುಕೊಟ್ಟ ವಾಚನ್ನು ಮುಂದಿಟ್ಟು ಕೇಳಿದ್ದರು. ‘ಗೊತ್ತಾಗಲ್ಲ ಸ್ವಾಮಿ, ಪಂಚಾಂಗನೇ ನೋಡಬೇಕು’ ಎಂದೆ. ಅವರಿಗೆ ಬೇಜಾರಾಯಿತು. ವಾಚಿನಲ್ಲಿರುವವನು ಸರಾಸರಿ ಚಂದ್ರ. ನಿಜವಾದ ಚಂದ್ರ ಒಮ್ಮೆ ಬೇಗ, ಒಮ್ಮೆ ನಿಧಾನ ನಡೆಯುತ್ತಾನೆ. ಅವನ ಒಂದು ಸುತ್ತು ಸುಮಾರು 29 ದಿನ 6 ಗಂಟೆಗೂ ಮುಗಿದೀತು, 29 ದಿನ 20 ಗಂಟೆಗೂ ಹೋದೀತು. ತಿಥಿಯೊಂದು 20 ಗಂಟೆಗೂ ಮುಗಿಯುತ್ತದೆ, 26 ಗಂಟೆ ಮೀರಿಯೂ ಎಳೆಯುತ್ತದೆ. ಸಂಕಷ್ಟಿಗೆ ಇನ್ನೂ ಒಂದು ಹೆಜ್ಜೆ: ಚಂದ್ರೋದಯದ ಹೊತ್ತಿಗೆ ಚೌತಿ ಇರಬೇಕು, ಆ ಹೊತ್ತು ಊರಿಗೊಂದು. ನಮ್ಮ ಪಂಚಾಂಗದವರು ನಿಜವಾದ ಚಂದ್ರನ ಬೆನ್ನು ಹತ್ತಿದರು, ಹಾಗಾಗಿ ಅವರಿಗೆ ಚಂದ್ರನೇ ಕಷ್ಟ. ರೋಮಿನವರು ತಿಂಗಳನ್ನು ಚಂದ್ರನಿಂದ ಬಿಡಿಸಿಕೊಂಡರು, ಹಾಗಾಗಿ ಅವರ ವಾರಸುದಾರರಿಗೆ ಫೆಬ್ರವರಿ ಕಷ್ಟ. ಡಯಲಿನ ಚಂದ್ರ ನೆಟ್ಟಗೆ ನಿಂತು ಬೆಳೆಯುವುದೂ ಜಿನೀವಾದ ಆಕಾಶಕ್ಕೆ ತಕ್ಕಂತೆ; ಕರ್ನಾಟಕದ ಬಿದಿಗೆ ಚಂದ್ರ ಬೆನ್ನು ಕೆಳಗೆ ಮಾಡಿ ಮಲಗಿರುತ್ತಾನೆ.

ಚಂದ್ರನನ್ನೂ ತಾರೀಖನ್ನೂ ಬೆಸೆಯಲೇಬೇಕಾದ ಒಂದು ಹಬ್ಬ ಕ್ರೈಸ್ತರಲ್ಲೂ ಇದೆ, ಈಸ್ಟರ್. ವಸಂತದ ಹುಣ್ಣಿಮೆಯ ನಂತರದ ಭಾನುವಾರ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಚರ್ಚಿನ ದೊಡ್ಡ ಗಡಿಯಾರದಲ್ಲಿ ಶ್ವಿಲ್ಗೆ ಎಂಬವನು 1840ರ ದಶಕದಲ್ಲಿ ಈಸ್ಟರಿನ ಲೆಕ್ಕವನ್ನು ಚಕ್ರಗಳಿಂದಲೇ ಮಾಡಿಸಿದ, ಆದರೆ ಅವನಿಗೆ ಗೋಡೆಯೆತ್ತರದ ಜಾಗವಿತ್ತು. ಪಟೆಕ್ ತನ್ನ 150ನೇ ವರ್ಷದ ನೆನಪಿಗೆ 1989ರಲ್ಲಿ ಮಾಡಿದ ಕ್ಯಾಲಿಬರ್ 89 ಎಂಬ ಕಿಸೆ ವಾಚಿನಲ್ಲಿ 1728 ಬಿಡಿಭಾಗಗಳಿವೆ. ಅದರ ಈಸ್ಟರ್ ಬಿಲ್ಲೆಯಲ್ಲಿ ಕೊರೆಯಲಾದದ್ದು 2017ರವರೆಗಿನ ತಾರೀಖುಗಳು ಮಾತ್ರ.

ಐಡಬ್ಲ್ಯುಸಿ 2024ರಲ್ಲಿ ಕ್ಲೌಸ್‌ನ ಕೆಲಸವನ್ನು ಮುಂದುವರಿಸಿ ಒಂದು ಕೈಗಡಿಯಾರ ತೋರಿಸಿತು. ಅದರೊಳಗಿನ ಒಂದು ಚಕ್ರ ನಾನ್ನೂರು ವರ್ಷಕ್ಕೊಂದು ಸುತ್ತು ಬರುತ್ತದೆ, ಹೀಗಾಗಿ 2100, 2200, 2300ರ ಫೆಬ್ರವರಿಗಳನ್ನು ತಾನೇ ದಾಟುತ್ತದೆ. ಚಂದ್ರನ ಚಕ್ರಗಳೋ ನಾಲ್ಕೂವರೆ ಕೋಟಿ ವರ್ಷಕ್ಕೆ ಒಂದು ದಿನ ತಪ್ಪುತ್ತವಂತೆ. ಇದು ಕಾಗದದ ಲೆಕ್ಕ. ಚಂದ್ರ ವರ್ಷಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ, ಅಷ್ಟು ಕಾಲ ಅವನ ತಿಂಗಳೇ ಇಷ್ಟೇ ಇರುವುದಿಲ್ಲ. ನನಗೆ ಮಜಾ ಅನಿಸಿದ್ದು ಇನ್ನೊಂದು ಸಂಗತಿ. ಅದೇ ವಾಚಿನ ತಾರೀಖಿಗೆ ಕಂಪನಿ ಹೇಳಿಕೊಂಡ ಗಡುವು 3999. ಗ್ರೆಗರಿಯ ಕಟ್ಟಳೆಯಂತೆ 4000ನೇ ಇಸವಿ ಅಧಿಕ ವರ್ಷವೇ, ಆದರೆ ಅದು ಹಾಗೇ ಉಳಿಯುತ್ತದೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಅನ್ನುವುದು ಕಂಪನಿಯ ಮಾತು.

ಉಳಿದ ವಾಚುಗಳಿಗೆ ಅಷ್ಟು ದೂರದ ಚಿಂತೆಯಿಲ್ಲ. 1941ರಿಂದ ಈಚೆಗೆ ಸಾಲಾಗಿ ಮಾಡಿದ, ಫೆಬ್ರವರಿ ಬಲ್ಲ ಕೈಗಡಿಯಾರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 2100ರ ಮಾರ್ಚ್ 1ರ ಬೆಳಿಗ್ಗೆ 29ನ್ನು ತೋರಿಸುತ್ತ ಕೂತಿರುತ್ತವೆ, ಒಂದು ಕೋಟಿ ಫ್ರಾಂಕಿನದೂ ಸೇರಿ. ಗುಂಡಿಯನ್ನು ಒಂದು ಸಲ ಒತ್ತಿದರೆ ಸರಿಹೋಗುತ್ತದೆ. ವಾಚು ಮೊಮ್ಮಕ್ಕಳಿಗೆ ಅಂತ ಹೇಳಿ ಸರ್ವಿಸಿಗೆ ಕೊಡುವವರಿಗೆ ನಾನು ಬಿಲ್ಲಿನ ಹಿಂದೆ ಈ ತಾರೀಖು ಬರೆದುಕೊಡುತ್ತೇನೆ, ಜೊತೆಗೆ ಒಂದು ಸಾಲು: ಬೆಳಗಿನ ತಿಂಡಿ ಆದ ಮೇಲೆ ಒತ್ತುವುದು, ರಾತ್ರಿ ಬೇಡ.